ರವದಿಗೆ ಬೆಂಕಿ ಹಚ್ಚುವ ಮುಂಚೆ
(ಚಿಕ್ಕೋಡಿ ಭಾಗದ ರೈತರ ಮುಂದೆ ಆಡಿದ ಮಾತು)



2025ರ ನವೆಂಬರದಲ್ಲಿ ಗುರ್ಲಾಪುರ ಕ್ರಾಸಿನಾಗ ಟನ್ ಕಬ್ಬಿಗೆ 3500 ರೂಪಾಯಿ ಕೇಳಿ ಕೂತಿದ್ದೆವು. 3300ರ ಮಾತಿಗೆ ಎದ್ದು ಬಂದೆವು. ಆ ಲೆಕ್ಕ ಮುಗಿದಿಲ್ಲ, ಇನ್ನೊಮ್ಮೆ ಆಡೋಣ. ಇವತ್ತು ನಾನು ಹೇಳೋದು ಕಬ್ಬು ಕಾರ್ಖಾನೆಗೆ ಹೋದ ಮೇಲೆ ಹೊಲದಾಗ ಉಳಿಯುವ ರವದಿ, ಸೋಗಿ ಮತ್ತು ಅಥಣಿ ಕಡೆಯ ಒಣಭೂಮಿಯ ಜೋಳದ ಕಣಿಕಿ ಬಗ್ಗೆ. ಇದೇನು ಕಸದ ಮಾತು ತೆಗೆದ ಅನ್ನಬ್ಯಾಡ್ರಿ.

ಕಾರ್ಖಾನೆಯವರು ನೂರು ಟನ್ ಕಬ್ಬು ಅರೆದರೆ ಸುಮಾರು 28-30 ಟನ್ ಬಗ್ಯಾಸ್, 3-4 ಟನ್ ಪ್ರೆಸ್‌ಮಡ್, 4 ಟನ್ನಿನಷ್ಟು ಕಾಕಂಬಿ ಸಿಗತೈತಿ. ಒಂದು ಬುಟ್ಟಿನೂ ಹೊರಗ ಚೆಲ್ಲಂಗಿಲ್ಲ. ಅವರು ಬಗ್ಯಾಸ್ ಸುಟ್ಟರೆ ಕರೆಂಟ್ ಆಗತೈತಿ, ನಾವು ರವದಿ ಸುಟ್ಟರೆ ಬೂದಿ.

ಇನ್ನೊಂದು ಮಾತು ಬಹಳ ಮಂದಿಗೆ ಗೊತ್ತಿಲ್ಲ. ಕೇಂದ್ರದ ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗ ಜೋಳದ ಉತ್ಪಾದನಾ ವೆಚ್ಚ ಹಾಕುವಾಗ ಪೂರಾ ಖರ್ಚನ್ನು ಕಾಳಿನ ಮೇಲೆ ಹಾಕುವುದಿಲ್ಲ. ಕಣಿಕಿಗೂ ಬೆಲೆ ಕಟ್ಟಿ, ಖರ್ಚಿನ ಒಂದು ಪಾಲನ್ನು ಅದರ ತಲೆಗೆ ಹೊರಿಸುತ್ತದೆ. ಅಷ್ಟರ ಮಟ್ಟಿಗೆ ಕಾಳಿನ ವೆಚ್ಚ ಇಳಿಯುತ್ತದೆ. ಅಂದಮೇಲೆ ನಿಮ್ಮ ಕಣಿಕಿ ಮಳ್ಯಾಗ ಕೊಳೆತರೆ, ದನ ಅರ್ಧ ತಿಂದು ಅರ್ಧ ತುಳಿದರೆ, ಬೆಲೆ ಕಟ್ಟುವಾಗ ಕಳೆದುಕೊಂಡಿದ್ದು ಕೊಟ್ಟಿಗ್ಯಾಗೂ ಹೋತು. ಯುರೋಪಿನ ರೈತ ಓಟ್ಸ್ ಕಾಳು ಮಾರಿ ಅದರ ಹುಲ್ಲನ್ನು ಮೊದಲು ದನಕ್ಕೆ ಹಾಕತಾನ, ದನದ ಕೆಳಗ ಹಾಸತಾನ, ಆಮೇಲೆ ಅದನ್ನೇ ತಿಪ್ಪಿಗೆ ಒಯ್ಯತಾನ.

ನಾನು ದೊಡ್ಡ ಶ್ಯಾಣ್ಯಾ ಅಂತ ಹೇಳಾಕತ್ತಿಲ್ಲ. 2019ರ ಬ್ಯಾಸಿಗಿ ನೆನಪು ಮಾಡಿಕೊಳ್ಳಿರಿ, ಕೃಷ್ಣಾ ಹೊಳಿ ಒಣಗಿ ನೀರು ಬಿಡ್ರಿ ಅಂತ ಮಹಾರಾಷ್ಟ್ರವನ್ನು ಕೇಳುವ ಪಾಳಿ ಬಂತು. ಆ ಜನವರಿಯೊಳಗ ಎರಡು ಎಕರೆ ರವದಿಗೆ ಕಡ್ಡಿ ಗೀರಿದವ ನಾನೇ. ನಮ್ಮ ಸೋಗಿ, ಮರಾಠಿಯವರು ವಾಡೆ ಅನ್ನೋದು, ಕಡಿಯುವ ಗ್ಯಾಂಗಿನವರು ಕಟ್ಟು ಕಟ್ಟಿ ಮಾರಿದರು. ಅದು ಅವರ ರೂಢಿಯ ಹಕ್ಕು. ಹೊಟ್ಟಿಗಾಗಿ ಊರು ಬಿಟ್ಟು ಬಂದವರು, ಅವರ ಕೂಡ ಜಗಳ ತೆಗೀಬ್ಯಾಡ್ರಿ. ಮೇ ತಿಂಗಳದಾಗ ಮೇವು ಇಲ್ಲದ ಎಮ್ಮಿ ಮಾರಿದೆ. ಕೊಳ್ಳುವವ ಹೇಳಿದ್ದೇ ರೇಟು. ಮತ್ತೊಂದು ಎಮ್ಮಿ ತರಾಕ ಸಾಲ ತೆಗೆದೆ, ಅದರ ಬಡ್ಡಿ ಎರಡು ವರ್ಷ ಕಟ್ಟಿದೆ. ಆಗಸ್ಟಿನಾಗ ಅದೇ ಹೊಳಿ ಉಕ್ಕಿ ಬಂದಿದ್ದು ಬ್ಯಾರೆ ಕತಿ.

ಮೇವಿನ ವಿಷಯ ಹೇಳತೀನಿ. ಕಣಿಕಿ ಇಡಿಯಾಗಿ ಹಾಕಿದರೆ ದನ ಗರಿ ತಿಂದು ದಂಟು ಬಿಡತೈತಿ. ಕತ್ತರಿಸಿ ಹಾಕ್ರಿ. ಮಷಿನ್ ತುಟ್ಟಿ ಆದರೆ ಐದು ಮನಿಯವರು ಕೂಡಿ ತರ್ರಿ. ಗೋಧಿ ಹೊಟ್ಟು, ಗೋವಿನಜೋಳದ ಕಣಿಕಿಯಂಥ ಒಣ ಮೇವು ಇದ್ದರೆ ಯೂರಿಯಾ ಉಪಚಾರ ಮಾಡ್ರಿ: 100 ಕಿಲೋ ಮೇವಿಗೆ 4 ಕಿಲೋ ಯೂರಿಯಾ, 50 ಲೀಟರ್ ನೀರಿನಾಗ ಪೂರಾ ಕರಗಿಸಿ, ಪದರ ಪದರಾಗಿ ಚಿಮುಕಿಸಿ, ತುಳಿದು, ತಾಡಪತ್ರಿಯಿಂದ ಗಾಳಿ ಹೋಗದಂಗ ಮುಚ್ಚಿ 21 ದಿನ ಬಿಡ್ರಿ. 45 ಕಿಲೋ ಚೀಲ 266 ರೂಪಾಯಿ ಐವತ್ತು ಪೈಸೆ ಅಂದರೆ 4 ಕಿಲೋಕ್ಕೆ 24 ರೂಪಾಯಿ. ಮೇವು ಮೆತ್ತಗಾಗತೈತಿ, ಪ್ರೋಟೀನ್ ಹೆಚ್ಚೂಕಮ್ಮಿ ಇಮ್ಮಡಿ ಆಗತೈತಿ. ತೆಗೆದ ಮೇಲೆ ಘಾಟು ವಾಸನೆ ಹೋಗುವ ತನಕ ಹರವಿ, ಆಮೇಲೆ ಹಾಕ್ರಿ. ಆರು ತಿಂಗಳೊಳಗಿನ ಕರುವಿಗೆ ಇದು ಬ್ಯಾಡ. ಯೂರಿಯಾ ಹರಳು ಗ್ವಾದಲಿಗೆ ಬಿದ್ದರೆ, ಯೂರಿಯಾ ನೀರು ದನ ಕುಡಿದರೆ ಸಾಯತೈತಿ. ಹೆಣ್ಣುಮಕ್ಕಳಿಗೂ ಇದನ್ನು ತಿಳಿಸಿ ಹೇಳ್ರಿ, ದನ ನೋಡುವವರು ಅವರೇ.

ಸೋಗಿ ಹಸಿರಾಗಿ ಕಾಣತೈತಿ ಅಂತ ಬರೇ ಅದನ್ನೇ ತಿಂಗಳಾನುಗಟ್ಟಲೆ ಹಾಕಬ್ಯಾಡ್ರಿ. ಅದರೊಳಗಿನ ಆಕ್ಸಲೇಟ್ ದನದ ಮೈಯ ಸುಣ್ಣದಂಶ ಹಿಡಿದುಕೊಳ್ಳತೈತಿ. ಒಣ ಮೇವು ಕೂಡಿಸಿ, ಖನಿಜ ಮಿಶ್ರಣ ಕೊಡ್ರಿ.

ಇನ್ನು ರವದಿ. ಬೆಂಕಿ ಹಚ್ಚುವವ ಸೋಮಾರಿ ಅಂತ ಭಾಷಣ ಮಾಡುವವರು ಆಳಿನ ಪಗಾರ ಕೊಟ್ಟವರಲ್ಲ. ಕುಳೆ ಕಬ್ಬಿಗೆ ನೀರು ಹಾಯಿಸಾಕ ಸಾಲು ಬಿಡಿಸಬೇಕು, ಇಲಿ-ಹಾವಿನ ಅಂಜಿಕಿ ಐತಿ. ಅದಕ್ಕ ಒಂದು ಸಾಲು ಬಿಟ್ಟು ಒಂದು ಸಾಲಿನಾಗ ಹಾಸ್ರಿ, ಬಿಟ್ಟ ಸಾಲಿನಾಗ ನೀರು ಹಾಯಿಸ್ರಿ. ಟನ್ ರವದಿಗೆ 8 ಕಿಲೋ ಯೂರಿಯಾ, 10 ಕಿಲೋ ಸೂಪರ್ ಫಾಸ್ಫೇಟ್, ಒಂದು ಕಿಲೋ ಕೊಳೆಸುವ ಜೀವಾಣು. ಎಕರೆಗೆ ಮೂರು-ನಾಲ್ಕು ಟನ್ ರವದಿ ಬೀಳತೈತಿ. ಅದನ್ನು ಸುಟ್ಟರೆ ಮುಕ್ಕಾಲು ಚೀಲ ಯೂರಿಯಾದಷ್ಟು ಸಾರಜನಕ ಹೊಗೆ ಆಗಿ ಹೋಗತೈತಿ. ಇನ್ನೂರು ರೂಪಾಯಿ ಮಾತು ತಾನೇ ಅಂತ ನಗಬ್ಯಾಡ್ರಿ. ಚೀಲದಾಗ ಸಿಗದೇ ಇರೋದು ಮಣ್ಣಿನ ಮೆದುತನ. ರಾಯಬಾಗ, ಕಾಗವಾಡ, ಅಥಣಿ ಹೊಳಿದಂಡಿ ಭೂಮಿ ಎಷ್ಟು ಸವಳು ಬಿದ್ದೈತಿ ನಿಮಗೇ ಗೊತ್ತು. ಹಾಸಿದ ರವದಿ ಕೆಳಗ ನೀರು ಬೇಗ ಆರಂಗಿಲ್ಲ, ಉಪ್ಪು ಮೇಲೆ ಏರೋದು ಕಡಿಮಿ ಆಗತೈತಿ.

ನಮ್ಮ ಹೊಲದಾಗ ಒಂದು ಎಕರೆ ಹಿಂಗ ಇಟ್ಟೀನಿ. ಬರ್ರಿ, ರವದಿ ಸರಿಸಿ ಕೆಳಗಿನ ಹಸಿ ಕೈಲೆ ಮುಟ್ಟಿ ನೋಡ್ರಿ.