ಅಂಬರನಾಥದ ನಿರುದ್ಯೋಗ: ಲೆಕ್ಕಕ್ಕೆ ಸಿಗದ ಕೈಗಳು



ಕೇಂದ್ರ ಸರಕಾರ ಉದ್ಯೋಗ-ನಿರುದ್ಯೋಗ ಅಳೆಯುವ ಪಿಎಲ್‌ಎಫ್‌ಎಸ್ ಸಮೀಕ್ಷೆಯ ಪ್ರಕಾರ ದೇಶದ ನಿರುದ್ಯೋಗ ಪ್ರಮಾಣ 2017-18ರಲ್ಲಿ ಶೇ. 6.1 ಇತ್ತು, 2023-24ಕ್ಕೆ ಶೇ. 3.2ಕ್ಕೆ ಇಳಿಯಿತು. ಕಾಗದದ ಮೇಲೆ ಸಂತೋಷದ ಸುದ್ದಿಯೇ. ಆದರೆ ಅದೇ ಅವಧಿಯಲ್ಲಿ ದುಡಿಯುವವರ ಪೈಕಿ ಸ್ವಂತ ಉದ್ಯೋಗದವರ ಪಾಲು ಶೇ. 52.2ರಿಂದ 58.4ಕ್ಕೆ ಏರಿದೆ. ಕೈಗಾಡಿಯಲ್ಲಿ ಬಾಳೆಹಣ್ಣು ಮಾರುವವನೂ, ಮನೆಯ ಅಂಗಡಿಯಲ್ಲಿ ಸಂಬಳವಿಲ್ಲದೆ ಕೂರುವ ಮಗಳೂ ಈ ಲೆಕ್ಕದಲ್ಲಿ ಉದ್ಯೋಗಸ್ಥರು. ಇದೇ ಸಮೀಕ್ಷೆಯ ವಾರದ ಲೆಕ್ಕವಂತೂ ಇನ್ನೂ ಉದಾರ: ಏಳು ದಿನಗಳಲ್ಲಿ ಒಂದು ಗಂಟೆ ದುಡಿದರೂ ನೀವು ನಿರುದ್ಯೋಗಿಯಲ್ಲ! ಠಾಣೆ ಜಿಲ್ಲೆಯ ನಮ್ಮ ಅಂಬರನಾಥಕ್ಕೆಂದು ಪ್ರತ್ಯೇಕ ಅಂಕಿಯನ್ನು ಈ ಸಮೀಕ್ಷೆ ಕೊಡುವುದೂ ಇಲ್ಲ. ಹಾಗಾಗಿ ಕೆಲಸ ಎಲ್ಲಿ ಹೋಯಿತು ಎಂಬುದನ್ನು ಇಲ್ಲಿನ ಕಾರ್ಖಾನೆಗಳ ಚರಿತ್ರೆಯಲ್ಲೇ ಹುಡುಕಬೇಕು.

1060ರ ಶಿವಾಲಯದಿಂದ ಹೆಸರಾದ ಊರು ಇದು. ಇದನ್ನು ದುಡಿಯುವವರ ಊರಾಗಿ ಮಾಡಿದ್ದು 1920ರ ದಶಕದಲ್ಲಿ ಸ್ವೀಡನ್ನಿನ ಬಂಡವಾಳದಿಂದ ಬಂದ ವಿಮ್ಕೊ ಬೆಂಕಿಪೊಟ್ಟಣದ ಕಾರ್ಖಾನೆ, ಧರಮ್‌ಸಿ ಮೊರಾರ್ಜಿ ರಾಸಾಯನಿಕ ಕಾರ್ಖಾನೆ, ಸ್ವಾತಂತ್ರ್ಯದ ನಂತರ ಬಂದ ಶಸ್ತ್ರಾಸ್ತ್ರ ಕಾರ್ಖಾನೆ. ವಿಮ್ಕೊ ಮುಚ್ಚಿತು; ರಿಕ್ಷಾದವರಿಗೆ ಈಗ ಅದೊಂದು ನಾಕಾದ ಹೆಸರು ಮಾತ್ರ. ಕಲ್ಯಾಣದ ಪಕ್ಕದ ಮೋಹನೆಯಲ್ಲಿ ಎನ್‌ಆರ್‌ಸಿ ರೇಯಾನ್ ಕಾರ್ಖಾನೆ 2009ರ ನವೆಂಬರಿನಲ್ಲಿ ನಿಂತುಹೋಯಿತು. ಬಾಕಿ ಹಣಕ್ಕಾಗಿ ಕಾರ್ಮಿಕರು ವರ್ಷಗಟ್ಟಲೆ ಅಲೆದರು. ಠಾಣೆಯ ರೇಮಂಡ್ ಗಿರಣಿಯೂ ಅದೇ ವರ್ಷ ಬಾಗಿಲು ಹಾಕಿತು.

ಹಾಗೆಂದು ಕೆಲಸವೇ ಇಲ್ಲವೆಂದಲ್ಲ. ಆನಂದ ನಗರದ ಎಂಐಡಿಸಿ ಕೈಗಾರಿಕಾ ವಸಾಹತಿಗೆ ಬೆಳಿಗ್ಗೆ ಹೋಗಿ ನೋಡಿ, ಗೇಟುಗಳ ಮುಂದೆ ಜನವೋ ಜನ. ಬದಲಾದದ್ದು ಕೆಲಸದ ಜಾತಿ: ಕಾಯಂ ಹೋಗಿ ಗುತ್ತಿಗೆ ಬಂತು. ನೂರು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿದ್ದ ಕಾರ್ಖಾನೆ ಮುಚ್ಚಲು ಸರಕಾರದ ಅನುಮತಿ ಬೇಕೆಂಬ ನಿಯಮ ದಶಕಗಳ ಕಾಲ ಇತ್ತು. ಕಾನೂನು ಕಾಯಂ ಕೆಲಸಗಾರನನ್ನು ಕಾಪಾಡಿದಷ್ಟೂ ಮಾಲೀಕರು ಗುತ್ತಿಗೆದಾರನ ಕಡೆ ತಿರುಗಿದರು. ತಪ್ಪು ಕಾನೂನಿನದೇ ಎನ್ನುವವರಿದ್ದಾರೆ; ನಾನು ಒಪ್ಪುವುದಿಲ್ಲ. ಗುತ್ತಿಗೆ ಅಗ್ಗ, ಅಷ್ಟೇ. ಗುತ್ತಿಗೆಯವನು ಇವತ್ತು ಈ ಗೇಟು, ಮುಂದಿನ ತಿಂಗಳು ಆ ಗೇಟು. ನಡುವಿನ ಖಾಲಿ ದಿನಗಳು ಯಾವ ವರದಿಯಲ್ಲೂ ಕಾಣುವುದಿಲ್ಲ. ಅತ್ತ ಠಾಣೆ-ಬೇಲಾಪುರ ರಸ್ತೆಯಲ್ಲಿ ಕಾರ್ಖಾನೆಗಳ ನಡುವೆ ಐರೋಲಿಯ ಐಟಿ ಪಾರ್ಕುಗಳು ಎದ್ದಿವೆ. ಅಲ್ಲಿಗೆ ಡೊಂಬಿವಲಿಯ ಪದವೀಧರರು ಹೋಗುತ್ತಾರೆ, ರೇಯಾನ್ ನೂತ ಐವತ್ತರ ಕಾರ್ಮಿಕನನ್ನು ಯಾರೂ ಕರೆಯುವುದಿಲ್ಲ.

ಈಗ ಇಲ್ಲಿಗೆ ಬಂದ ನಮ್ಮ ಕನ್ನಡಿಗರ ವಿಷಯ. ಕರಾವಳಿಯಿಂದ ಬಂದ ಹುಡುಗ ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿ, ಎಸ್ಸೆಸ್ಸಿ ಮುಗಿಸಿ ಬ್ಯಾಂಕು ಸೇರಿದ ಕತೆ ಈ ಸಭೆಯ ಹಲವರ ಮನೆಯದು. ಆ ಏಣಿ ಈಗಿಲ್ಲ. ಗುಮಾಸ್ತ ಹುದ್ದೆಗೂ ಇಂದು ಪದವಿ ಬೇಕು, ಪೈಪೋಟಿಯ ಪರೀಕ್ಷೆ ಗೆಲ್ಲಬೇಕು. ಹೋಟೆಲಿನ ಕೆಲಸವೋ, ಬಹುಪಾಲು ಬಾಯಿಮಾತಿನದು. 2020ರ ಲಾಕ್‌ಡೌನಿನಲ್ಲಿ ಊರಿನ ಬಸ್ಸು ಹತ್ತಿದವರ ಕೈಯಲ್ಲಿ ತಾವು ಎಲ್ಲಿ ದುಡಿದೆವೆಂದು ತೋರಿಸಲು ಒಂದು ಚೀಟಿಯೂ ಇರಲಿಲ್ಲ. ಅದೇ ವರ್ಷ ಕಾರ್ಮಿಕರ ರಾಜ್ಯ ವಿಮೆಯ (ಇಎಸ್‌ಐ) ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಕೆಲಸ ಕಳೆದುಕೊಂಡವರ ಪರಿಹಾರವನ್ನು ಸಂಬಳದ ಶೇ. 25ರಿಂದ 50ಕ್ಕೆ ಏರಿಸಿತು, 90 ದಿನಗಳವರೆಗೆ. ಇಎಸ್‌ಐ ಸಂಖ್ಯೆ ಇಲ್ಲದವನಿಗೆ ಅದು ಇದ್ದೂ ಇಲ್ಲದ ಯೋಜನೆ.

ಹತ್ತು ಕೆಲಸಗಾರರಿರುವ ಹೋಟೆಲಿಗೂ ಇಎಸ್‌ಐ ಅನ್ವಯಿಸುತ್ತದೆ. ಈ ಸಭೆಯಲ್ಲಿ ಹೋಟೆಲು ನಡೆಸುವ ಹಿರಿಯರು ಬಹಳ ಮಂದಿ ಕುಳಿತಿದ್ದೀರಿ. ನಿಮ್ಮ ಅಡುಗೆಮನೆಯ ಹುಡುಗರ ಹೆಸರನ್ನು ಈ ತಿಂಗಳೇ ನೋಂದಾಯಿಸಿ.