ಕಳೆದುಹೋದ ಕರವಸ್ತ್ರ

ಕಾದಂಬರಿಗಳಲ್ಲಿ ನಾಯಕಿಯ ಕೈಯಿಂದ ಕರವಸ್ತ್ರ ಜಾರಿ ಬಿತ್ತೆಂದರೆ, ಅದನ್ನು ಎತ್ತಿಕೊಡಲು ಯುವಕನೊಬ್ಬ ಹತ್ತಿರದಲ್ಲಿಯೇ ಇದ್ದಾನೆಂದು ನಾವು ಧೈರ್ಯವಾಗಿ ನಂಬಬಹುದು. ಪರಿಚಯವಿಲ್ಲದ ಗಂಡುಹೆಣ್ಣು ಮಾತನಾಡುವುದೇ ಅಸಭ್ಯವೆನಿಸಿದ್ದ ಸಮಾಜದಲ್ಲಿ ಕಥೆಗಾರನಿಗೆ ಇದು ಅನುಕೂಲವಾದ ಉಪಾಯ. ಬಿದ್ದುದನ್ನು ಎತ್ತಿಕೊಡುವುದು ಸೌಜನ್ಯ. ಕೊಡುವಾಗ ಒಂದು ಮಾತನ್ನೂ ಆಡದಿರುವುದು ಹೇಗೆ? ಹೀಗೆ ಗೇಣುದ್ದದ ಬಟ್ಟೆ ಎಷ್ಟೋ ಪ್ರಣಯಗಳಿಗೆ ನಾಂದಿಯಾಗಿದೆ.

ಆದರೆ ಈ ದೂತನ ಮಾತನ್ನು ಪೂರ್ತಿ ನಂಬುವಂತಿಲ್ಲ. ವಿಕ್ತರ್ ಹ್ಯೂಗೋ 1862ರಲ್ಲಿ ಪ್ರಕಟಿಸಿದ ‘ಲೆ ಮಿಸರಾಬ್ಲ್’ ಕಾದಂಬರಿಯ ತರುಣ ಮಾರಿಯೂಸ್‌ನನ್ನು ನೋಡಿ. ಪ್ಯಾರಿಸಿನ ಲಕ್ಸೆಂಬರ್ಗ್ ಉದ್ಯಾನಕ್ಕೆ ವೃದ್ಧನೊಬ್ಬನೊಡನೆ ಬರುವ ಹುಡುಗಿಗೆ ಅವನು ಮನಸೋತಿದ್ದಾನೆ. ಅವಳ ಹೆಸರೂ ಅವನಿಗೆ ತಿಳಿಯದು. ಒಂದು ಸಂಜೆ, ಅವರಿಬ್ಬರೂ ಎದ್ದುಹೋದ ಬೆಂಚಿನ ಮೇಲೆ ‘ಯು. ಎಫ್.’ ಎಂಬ ಅಕ್ಷರಗಳಿರುವ ಕರವಸ್ತ್ರ ಅವನಿಗೆ ಸಿಗುತ್ತದೆ. ಅವಳ ಹೆಸರು ಉರ್ಸ್ಯೂಲ್ ಎಂದು ತಾನೇ ನಿಶ್ಚಯಿಸಿಕೊಳ್ಳುತ್ತಾನೆ. ಹಗಲೆಲ್ಲ ಎದೆಯ ಮೇಲೆ, ರಾತ್ರಿ ತುಟಿಯ ಮೇಲೆ ಆ ಕರವಸ್ತ್ರ. ಅದು ವೃದ್ಧನ ಜೇಬಿನಿಂದ ಬಿದ್ದದ್ದು! ಹುಡುಗಿಯ ಹೆಸರು ಕೊಸೆತ್. ಇಲ್ಲಿ ನಾವು ನಗುತ್ತೇವೆ. ಆದರೆ ನಗೆಯ ಹಿಂದೆ ಒಂದು ಎಚ್ಚರಿಕೆಯೂ ಇದೆ. ಕರವಸ್ತ್ರ ತಾನಾಗಿ ಏನನ್ನೂ ಹೇಳುವುದಿಲ್ಲ. ಸಿಕ್ಕಿದವನು ತನ್ನ ಮನಸ್ಸಿನಲ್ಲಿರುವುದನ್ನೇ ಅದರಲ್ಲಿ ಓದಿಕೊಳ್ಳುತ್ತಾನೆ.

ನಮ್ಮ ಪ್ರಾಚೀನ ಕಾವ್ಯಗಳ ಗುರುತಿನ ವಸ್ತುಗಳ ರೀತಿಯೇ ಬೇರೆ. ಹನುಮಂತನು ಸೀತೆಗೆ ಒಪ್ಪಿಸಿದ ಉಂಗುರದಲ್ಲಿ ರಾಮನ ಹೆಸರಿತ್ತು. ಶಕುಂತಲೆ ಕಳೆದುಕೊಂಡ ಉಂಗುರದಲ್ಲಿ ದುಷ್ಯಂತನ ಹೆಸರಿತ್ತು. ಮೀನಿನ ಹೊಟ್ಟೆಯಿಂದ ಹೊರಬಂದರೂ ಅದು ಸತ್ಯವನ್ನೇ ನುಡಿಯಿತು. ಮೈಸೂರಿನ ಆಸ್ಥಾನಕವಿ ಬಸವಪ್ಪ ಶಾಸ್ತ್ರಿಗಳು (1843–1891) ಕಾಳಿದಾಸನ ಶಾಕುಂತಲವನ್ನು ಕನ್ನಡಕ್ಕೆ ತಂದರು. ಷೇಕ್ಸ್‌ಪಿಯರನ ‘ಒಥೆಲೊ’ವನ್ನು ‘ಶೂರಸೇನ ಚರಿತ್ರೆ’ಯಾಗಿ ಅಳವಡಿಸಿದರು. ಉಂಗುರದ ನಾಟಕವೂ ಕರವಸ್ತ್ರದ ನಾಟಕವೂ ಒಂದೇ ಲೇಖನಿಯಿಂದ ನಮಗೆ ದೊರೆತವು.

‘ಒಥೆಲೊ’ದಲ್ಲಿ ಗಂಡ ಪ್ರೀತಿಯಿಂದ ಕೊಟ್ಟ ಕರವಸ್ತ್ರವನ್ನು ಡೆಸ್ಡಿಮೋನಾ ಕಳೆದುಕೊಳ್ಳುತ್ತಾಳೆ, ಇಯಾಗೊ ಅದನ್ನು ಕ್ಯಾಸಿಯೊನ ಕೋಣೆಗೆ ಸೇರಿಸುತ್ತಾನೆ, ಅಷ್ಟಕ್ಕೆ ಒಂದು ಸಂಸಾರ ನಾಶವಾಗುತ್ತದೆ. ಥಾಮಸ್ ರೈಮರ್ ಎಂಬ ಇಂಗ್ಲಿಷ್ ವಿಮರ್ಶಕ 1693ರಲ್ಲಿಯೇ, ಒಂದು ಕರವಸ್ತ್ರಕ್ಕಾಗಿ ಇಷ್ಟೊಂದು ರಂಪವೇ ಎಂದು ಹಾಸ್ಯ ಮಾಡಿದ. ಕಾಲೇಜಿನಲ್ಲಿ ಈ ನಾಟಕವನ್ನು ಪಾಠ ಹೇಳತೊಡಗಿದಾಗ ನಾನೂ ರೈಮರನ ಪಕ್ಷದವನೇ ಆಗಿದ್ದೆ. ಆ ಪಕ್ಷವನ್ನು ಬಿಟ್ಟ ಕಾರಣವನ್ನು ಸ್ವಲ್ಪ ಸಂಕೋಚದಿಂದಲೇ ಹೇಳುತ್ತೇನೆ.

ನನಗೆ ಮದುವೆಯಾದ ಎರಡನೆಯ ವರ್ಷ. ಯಾವುದೋ ಕಾಗದವನ್ನು ಹುಡುಕುತ್ತ ಹೆಂಡತಿಯ ಟ್ರಂಕನ್ನು ತೆರೆದೆ. ಧಾರೆಯ ಸೀರೆಯ ಮಡಿಕೆಯಲ್ಲಿ ಗಂಡಸರ ಬಿಳಿಯ ಕರವಸ್ತ್ರವೊಂದಿತ್ತು. ಮೂಲೆಯಲ್ಲಿ ಕಪ್ಪಗೆ ‘ಎಂ’ ಎಂಬ ಅಕ್ಷರ. ನನ್ನ ಹೆಸರಿನಲ್ಲಿ ಆ ಅಕ್ಷರವಿಲ್ಲ. ಇದ್ದಂತೆಯೇ ಇಟ್ಟು ಟ್ರಂಕನ್ನು ಮುಚ್ಚಿದೆ. ಆ ಅಕ್ಷರದಿಂದ ಆರಂಭವಾಗುವ ಹೆಸರುಗಳು ಲೋಕದಲ್ಲಿ ಎಷ್ಟಿವೆಯೆಂಬುದು ನನಗೆ ಆಗ ತಿಳಿಯಿತು. ಅವಳ ಸೋದರತ್ತೆಯ ಮಗನೊಬ್ಬನ ಹೆಸರೂ ಹಾಗೆಯೇ ಆರಂಭವಾಗುತ್ತಿತ್ತು. ಎರಡು ದಿನ ನಾನು ಮನೆಯಲ್ಲಿ ಬಾಯಿ ಬಿಡಲಿಲ್ಲ.

ಮೂರನೆಯ ರಾತ್ರಿ ಊಟಕ್ಕೆ ಬಡಿಸುತ್ತ ಅವಳೇ ಕೇಳಿದಳು: “ಏನಾಗಿದೆ ನಿಮಗೆ?” ಹೇಳಿದೆ. ಅವಳು ಕೋಪಿಸಿಕೊಳ್ಳಲಿಲ್ಲ, ನಗಲೂ ಇಲ್ಲ. “ಅದು ನಿಮ್ಮದೇ. ಮದುವೆ ಮುಗಿಸಿಕೊಂಡು ಹೊರಟಾಗ ರೈಲಿನಲ್ಲಿ ಅಳುತ್ತ ಕೂತಿದ್ದೆ. ನೀವು ಜೇಬಿನಿಂದ ತೆಗೆದುಕೊಟ್ಟು, ಕಿಟಕಿಯ ಕಡೆ ಮುಖ ಮಾಡಿ ಕೂತಿರಿ. ಆಮೇಲೆ ಕೇಳಲೇ ಇಲ್ಲ” ಎಂದಳು. ಆ ‘ಎಂ’, ನಾನು ಓದುವಾಗ ಇದ್ದ ಹಾಸ್ಟೆಲಿನ ಅಗಸ ಬಟ್ಟೆಗಳು ಅದಲುಬದಲಾಗದಿರಲೆಂದು ಹಾಕಿದ ಗುರುತು! ನಾನು ಸಂದೇಹಪಟ್ಟೆನೆಂಬುದಕ್ಕಿಂತ, ಮರೆತೆನೆಂಬುದೇ ಅವಳನ್ನು ಹೆಚ್ಚು ನೋಯಿಸಿತೆಂದು ತೋರಿತು.

ಮತ್ತೆ ‘ಒಥೆಲೊ’ದ ಮೂರನೆಯ ಅಂಕವನ್ನು ತೆರೆದಾಗ, ಅದುವರೆಗೆ ನಾನು ಗಮನಿಸದಿದ್ದ ಸಂಗತಿಯೊಂದು ಕಣ್ಣಿಗೆ ಬಿತ್ತು. ಷೇಕ್ಸ್‌ಪಿಯರನಿಗೆ ಮೂಲವಾದ, ಚಿಂತಿಯೊ 1565ರಲ್ಲಿ ಪ್ರಕಟಿಸಿದ ಇಟಾಲಿಯನ್ ಕಥೆಯಲ್ಲಿ ಕರವಸ್ತ್ರ ಕಳೆದುಹೋಗುವುದಿಲ್ಲ. ಆಕೆ ಖಳನ ಪುಟ್ಟ ಮಗುವನ್ನು ಎತ್ತಿಕೊಂಡಿರುವಾಗ ಅವನು ಅದನ್ನು ಕದಿಯುತ್ತಾನೆ. ಷೇಕ್ಸ್‌ಪಿಯರ್ ಈ ಕಳವನ್ನು ಬಿಟ್ಟುಬಿಟ್ಟ. ಅವನ ನಾಟಕದಲ್ಲಿ ಒಥೆಲೊ ತಲೆನೋವೆನ್ನುತ್ತಾನೆ. ಡೆಸ್ಡಿಮೋನಾ ಕರವಸ್ತ್ರದಿಂದ ಅವನ ಹಣೆಗೆ ಕಟ್ಟಲು ಹೋಗುತ್ತಾಳೆ. ಇದು ಚಿಕ್ಕದಾಯಿತೆಂದು ಅವನೇ ಅದನ್ನು ತಳ್ಳುತ್ತಾನೆ. ಅದು ಕೆಳಗೆ ಬೀಳುತ್ತದೆ. ಬೀಳಿಸಿದವನು ಗಂಡ, ಕಳೆದೆಯೆಂದು ಆರೋಪಿಸುವವನೂ ಅವನೇ! ಆ ಗಳಿಗೆ ಅವನ ನೆನಪಿಗೆ ಬರುವುದೇ ಇಲ್ಲ. ದುಷ್ಯಂತನ ಮರೆವಿಗೆ ದೂರ್ವಾಸರ ಶಾಪವೆಂಬ ನೆವವಿತ್ತು. ಒಥೆಲೊನಿಗೆ ಅದೂ ಇಲ್ಲ, ನನಗೂ ಇರಲಿಲ್ಲ.

ಕಳೆದ ಕರವಸ್ತ್ರ ಊಹೆಯನ್ನು ಬೆಳೆಸುತ್ತದೆ. ಅಳುವವರ ಕೈಗಿತ್ತ ಕರವಸ್ತ್ರಕ್ಕೆ ಊಹೆಯ ಅಗತ್ಯವಿಲ್ಲ. ಮಾರ್ಗರೆಟ್ ಮಿಚೆಲಳ ‘ಗಾನ್ ವಿತ್ ದ ವಿಂಡ್’ (1936) ಕಾದಂಬರಿಯ ಕೊನೆಯ ಅಧ್ಯಾಯದಲ್ಲಿ, ಹೆಂಡತಿಯನ್ನು ಬಿಟ್ಟುಹೋಗಲು ನಿರ್ಧರಿಸಿರುವ ರೆಟ್ ಬಟ್ಲರ್, ಅಳುತ್ತಿರುವ ಅವಳಿಗೆ ತನ್ನ ಕರವಸ್ತ್ರವನ್ನು ಕೊಡುತ್ತಾನೆ. ಕಷ್ಟಕಾಲದಲ್ಲಿ ಅವಳ ಬಳಿ ಎಂದೂ ಕರವಸ್ತ್ರವಿರುವುದಿಲ್ಲವೆಂದು ಅವನು ಬಲ್ಲ. ಪ್ರೀತಿ ಬತ್ತಿದ ಮೇಲೂ ಅಷ್ಟು ನೆನಪು ಉಳಿದಿದೆ. ಪುಟಗಟ್ಟಲೆ ಸಂಭಾಷಣೆಗಿಂತ ಈ ಒಂದು ಕ್ರಿಯೆ ಆ ದಾಂಪತ್ಯವನ್ನು ಕುರಿತು ಹೆಚ್ಚು ಹೇಳುತ್ತದೆ.

ಈಗ ಒರೆಸಿ ಎಸೆಯುವ ಕಾಗದದ ಕಾಲ. ಅದನ್ನು ಯಾರೂ ಸೀರೆಯ ಮಡಿಕೆಯಲ್ಲಿ ಇಟ್ಟುಕೊಳ್ಳಲಾರರು. ಇನ್ನು ಮುಂದಿನ ಕಥೆಗಾರರು ಬೇರೆ ಗುರುತುಗಳನ್ನು ಹುಡುಕಿಕೊಳ್ಳಬೇಕು. ನಮ್ಮ ಮನೆಯ ಕರವಸ್ತ್ರ ಮಾತ್ರ ಆ ಟ್ರಂಕಿನಲ್ಲಿಯೇ ಇದೆ. ಬಟ್ಟೆ ಹಳದಿಗೆ ತಿರುಗಿದೆ. ಅಗಸ ಹಾಕಿದ ಗುರುತು ಇನ್ನೂ ಕಪ್ಪಗೆ ನಿಂತಿದೆ.

(ಬಾನುಲಿ ಭಾಷಣ)