ಹಾಲಿನ ಕವರೂ ನಮ್ಮದೇ, ಹೊಗೆಯೂ ನಮ್ಮದೇ

(ಹಾಲು ಉತ್ಪಾದಕರ ಸಹಕಾರ ಸಂಘದ ಸದಸ್ಯರ ಸಭೆಯಲ್ಲಿ ಒಕ್ಕೂಟದ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ನಾನು ಬಂದರೆ ಕೆಚ್ಚಲು ಬಾವು, ಜಂತುನಾಶಕ, ಗಬ್ಬ ಕಟ್ಟದಿರುವುದು, ಇಂಥದ್ದೇ ಮಾತು ಎಂದು ತಮಗೆ ಗೊತ್ತು. ಈ ದಿನ ಬೇರೆ ವಿಷಯ ಹೇಳುತ್ತೇನೆ. ನಮ್ಮ ಹಾಲು ಡೇರಿಯ ಬಾಗಿಲು ದಾಟಿ ಪೇಟೆ ಸೇರುವವರೆಗೆ ಎಷ್ಟು ಕಸ ಮಾಡುತ್ತದೆ, ಎಷ್ಟು ಹೊಗೆ ಮಾಡುತ್ತದೆ ಎಂಬುದೇ ಆ ವಿಷಯ. ಈ ಯೋಚನೆ ನನಗೆ ಹತ್ತಿಸಿದ್ದು ಒಂದು ಹಸು.

ಕೆಲವು ವರ್ಷಗಳ ಹಿಂದೆ, ಸಂತೆ ನಡೆಯುವ ಊರಿನ ಪಕ್ಕದ ಹಳ್ಳಿಯಿಂದ ಕರೆ ಬಂತು. ಎರಡನೇ ಸೂಲಿನ ಮಿಶ್ರತಳಿ ಹಸು. ಮೇವು ಬಿಟ್ಟಿತ್ತು, ಮೆಲುಕು ನಿಂತಿತ್ತು, ಹೊಟ್ಟೆ ಉಬ್ಬರ ಇಳಿದು ಮತ್ತೆ ಮತ್ತೆ ಬರುತ್ತಿತ್ತು, ಹಾಲು ಹತ್ತು ಲೀಟರಿನಿಂದ ಎರಡಕ್ಕೆ ಇಳಿದಿತ್ತು. ಎಡ ಪಕ್ಕೆ ಕೊಯ್ದು ಮೊದಲ ಹೊಟ್ಟೆಗೆ ಕೈ ಹಾಕಿದೆ. ಹಗ್ಗದಂತೆ ಹೆಣೆದುಕೊಂಡ ಪ್ಲಾಸ್ಟಿಕ್ ಉಂಡೆ ಕೈಗೆ ಸಿಕ್ಕಿತು. ತರಕಾರಿ ಕವರು, ಸೆಣಬಿನ ದಾರ, ಅವುಗಳ ನಡುವೆ ಹಾಲಿನ ಕವರು. ಅಕ್ಷರ ಇನ್ನೂ ಮಾಸಿರಲಿಲ್ಲ. ಆ ಮನೆಯ ತಾಯಿ ಅದನ್ನು ನೋಡಿ, “ಡಾಕ್ಟ್ರೇ, ಬೆಳಗ್ಗೆ ಡೇರಿಗೆ ನಾವೇ ಹಾಕಿದ ಹಾಲಿನ ಕವರ್ ಅಲ್ವಾ ಇದು?” ಅಂದರು. ನನ್ನಲ್ಲಿ ಉತ್ತರ ಇರಲಿಲ್ಲ. ತಡವಾಗಿತ್ತು, ಮೂರನೇ ದಿನ ಹಸು ಹೋಯಿತು.

ಬಂಧುಗಳೇ, ಪ್ಲಾಸ್ಟಿಕ್ಕನ್ನು ಹಸು ರುಚಿಗೆ ತಿನ್ನುವುದಿಲ್ಲ. ಮುಸುರೆ, ತರಕಾರಿ ಸಿಪ್ಪೆಯನ್ನು ಕವರಿನಲ್ಲಿ ಗಂಟು ಹಾಕಿ ಎಸೆಯುತ್ತಾರೆ. ಹಸುವಿಗೆ ಗಂಟು ಬಿಚ್ಚಲು ಬರುವುದಿಲ್ಲ, ಕವರಿನ ಸಮೇತ ನುಂಗುತ್ತದೆ. ಅದು ಕರಗುವುದಿಲ್ಲ, ಮುಂದಕ್ಕೂ ಹೋಗುವುದಿಲ್ಲ.

ಈಗ ಸಣ್ಣ ಲೆಕ್ಕ ಮಾಡೋಣ. ಅರ್ಧ ಲೀಟರಿನ ಕವರು ಸುಮಾರು 2ರಿಂದ 3 ಗ್ರಾಂ ತೂಗುತ್ತದೆ. ಒಂದಕ್ಕೆ ಏನೂ ಅನಿಸುವುದಿಲ್ಲ. ಆದರೆ ದಿನಕ್ಕೆ 1 ಲಕ್ಷ ಕವರು ಮಾರಾಟವಾದರೆ 200ರಿಂದ 300 ಕಿಲೋ ಪ್ಲಾಸ್ಟಿಕ್ಕು ಪ್ರತಿದಿನ ಮನೆಮನೆಗೆ ಹೋಗುತ್ತದೆ. ಈ ಪಾಲಿಥಿನ್ ಒಳ್ಳೆಯ ಮಾಲು. ತೊಳೆದು ಒಣಗಿಸಿ ಕೊಟ್ಟರೆ ಗುಜರಿಯವರು ಕೊಳ್ಳುತ್ತಾರೆ. ಕರಗಿಸಿ ಕಾಳು ಮಾಡಿ ಪೈಪು, ಹಾಳೆಗಳನ್ನು ತಯಾರಿಸುತ್ತಾರೆ. ಹಾಲು ಮೆತ್ತಿದ, ನಾರುವ ಕವರನ್ನು ಮಾತ್ರ ಯಾರೂ ಮುಟ್ಟುವುದಿಲ್ಲ. ಇನ್ನೊಂದು ಮಾತು, ಕವರಿನ ಮೂಲೆಯನ್ನು ಪೂರ್ತಿ ಕತ್ತರಿಸಿ ಎಸೆಯಬೇಡಿ. ಆ ಚೂರನ್ನು ಕಸ ಆರಿಸುವವರು ಹೆಕ್ಕಲಾರರು. ಸೀಳು ಮಾಡಿ, ಮೂಲೆ ಕವರಿಗೇ ಅಂಟಿಕೊಂಡಿರಲಿ.

2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಕೆಲವು ಪ್ಲಾಸ್ಟಿಕ್ ವಸ್ತುಗಳನ್ನು ದೇಶದಲ್ಲಿ ನಿಷೇಧಿಸಲಾಯಿತು. ಆ ಪಟ್ಟಿಯಲ್ಲಿ ಹಾಲಿನ ಕವರು ಇರಲಿಲ್ಲ. ಹಾಗೆಂದು ಹೊಣೆ ತಪ್ಪಲಿಲ್ಲ. ಪ್ಲಾಸ್ಟಿಕ್ಕಿನಲ್ಲಿ ತುಂಬಿ ತಮ್ಮ ಹೆಸರಿನಲ್ಲಿ ಮಾರುವವರೇ ಅದರ ತ್ಯಾಜ್ಯ ಮರಳಿ ಸಂಸ್ಕರಣೆಯಾಗುವಂತೆ ನೋಡಿಕೊಳ್ಳಬೇಕು ಎಂದು 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳುತ್ತವೆ. ಮಹಾರಾಷ್ಟ್ರ ಸರ್ಕಾರ 2018ರಲ್ಲಿ, ಹಾಲಿನ ಕವರಿನ ಮೇಲೆ ಕನಿಷ್ಠ 50 ಪೈಸೆ ಮರುಖರೀದಿ ಬೆಲೆ ಮುದ್ರಿಸಬೇಕೆಂದು ನಿಯಮ ಮಾಡಿತು. ಇದಕ್ಕೆಲ್ಲ ಖರ್ಚಾಗುತ್ತದೆ. ಒಕ್ಕೂಟದ ಖರ್ಚು ಎಂದರೆ ಕೊನೆಗೆ ನಮ್ಮ ಬಟವಾಡೆಯದೇ ಖರ್ಚು. ಆದ್ದರಿಂದ ಒಂದು ಕವರು ತಿಪ್ಪೆಗೆ ಹೋದರೂ ನಷ್ಟ ನಮಗೇ.

ಇನ್ನು ಹೊಗೆಯ ಮಾತು. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.6 ಕಿಲೋ ಇಂಗಾಲದ ಡೈ ಆಕ್ಸೈಡ್ ಗಾಳಿ ಸೇರುತ್ತದೆ. ಹಿಂದೆ ಎರಡು ಹೊತ್ತೂ ಕ್ಯಾನ್ ಹೊತ್ತ ಲಾರಿ ಓಡಬೇಕಿತ್ತು. ಹಳ್ಳಿಯಲ್ಲೇ ಬಿ.ಎಂ.ಸಿ. ಇದ್ದು, ಹಾಲು 4 ಡಿಗ್ರಿಗೆ ತಣಿದರೆ ಟ್ಯಾಂಕರ್ ದಿನಕ್ಕೊಮ್ಮೆ ಬಂದರೆ ಸಾಕು. ಒಂದು ಮಾರ್ಗದಲ್ಲಿ ದಿನಕ್ಕೆ 10 ಲೀಟರ್ ಡೀಸೆಲ್ ಉಳಿದರೆ ವರ್ಷಕ್ಕೆ 9 ಟನ್ನಿಗೂ ಹೆಚ್ಚು ಹೊಗೆ ಉಳಿಯಿತು. ತೊಳೆಯದ ಪಾತ್ರೆಯಿಂದ ಹಾಲು ಕೆಟ್ಟು ವಾಪಸಾದರೆ ಹಾಲೂ ಹೋಯಿತು, ಅದನ್ನು ಹೊತ್ತ ಡೀಸೆಲ್ಲೂ ಹೋಯಿತು.

ಆದರೆ ಎಲ್ಲವನ್ನೂ ಲಾರಿಯ ಮೇಲೆ ಹಾಕುವಂತಿಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2010ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಹಾಲಿನಿಂದ ಆಗುವ ಭೂಮಿ ಬಿಸಿಯೇರಿಸುವ ಅನಿಲಗಳಲ್ಲಿ ಜಗತ್ತಿನ ಸರಾಸರಿ ನೂರಕ್ಕೆ 93 ಭಾಗ, ಹಾಲು ಕೊಟ್ಟಿಗೆ ಬಿಡುವ ಮೊದಲೇ ಆಗಿಹೋಗಿರುತ್ತದೆ. ಅದರಲ್ಲಿ ದೊಡ್ಡ ಪಾಲು ಹಸು ತೇಗಿದಾಗ ಬರುವ ಮೀಥೇನ್. ನೂರು ವರ್ಷದ ಲೆಕ್ಕದಲ್ಲಿ ಇದು ಇಂಗಾಲದ ಡೈ ಆಕ್ಸೈಡಿಗಿಂತ ಸುಮಾರು 28 ಪಟ್ಟು ಬಿಸಿಯೇರಿಸುತ್ತದೆ. ಹಸು ತಿಂದ ಮೇವಿನ ಶಕ್ತಿಯಲ್ಲಿ ನೂರಕ್ಕೆ 2ರಿಂದ 12 ಭಾಗ ಹೀಗೆ ತೇಗಿನಲ್ಲೇ ಹೋಗುತ್ತದೆ. ಬರೀ ಒಣಹುಲ್ಲಿನ ಮೇಲಿರುವ ಹಸುವಿನಲ್ಲಿ ಈ ನಷ್ಟ ಹೆಚ್ಚು. ಅಂದರೆ ನಾವು ದುಡ್ಡು ಕೊಟ್ಟು ತಂದ ಮೇವು ಹಾಲಾಗುವ ಬದಲು ಗಾಳಿಯಾಗುತ್ತಿದೆ.

ಗಾಬರಿ ಬೇಡ, ಹಸು ಮಾರಿ ಎಂದು ನಾನು ಹೇಳುತ್ತಿಲ್ಲ. ಹಸಿರು ಮೇವು, ಸಮತೋಲನ ಪಶು ಆಹಾರ, ಖನಿಜ ಮಿಶ್ರಣ ಕೊಡಿ. ಬೆದೆ ತಪ್ಪಿಸಬೇಡಿ. ವರ್ಷಗಟ್ಟಲೆ ಗೊಡ್ಡು ನಿಂತ ಹಸುವೂ ತೇಗುತ್ತದೆ, ಹಾಲು ಮಾತ್ರ ಕೊಡುವುದಿಲ್ಲ. ಸೆಗಣಿಯನ್ನು ಗೋಬರ್ ಗ್ಯಾಸ್ ತೊಟ್ಟಿಗೆ ಹಾಕಿದರೆ ಅದರ ಮೀಥೇನ್ ಒಲೆಯಲ್ಲಿ ಉರಿದು ಅಡುಗೆಗಾಗುತ್ತದೆ, ಉಳಿದ ಬಗ್ಗಡ ಹೊಲಕ್ಕಾಗುತ್ತದೆ.

ಕೊನೆಯದಾಗಿ ಈ ಸಂಘಕ್ಕೆ ಒಂದು ಕೋರಿಕೆ. ಡೇರಿಯ ಬಾಗಿಲಲ್ಲಿ ಒಂದು ಗೋಣಿಚೀಲ ನೇತುಹಾಕಿ. ಹಾಲು ಹಾಕಲು ಬರುವವರು ಮನೆಯಲ್ಲಿ, ಬೀದಿಯಲ್ಲಿ ಸಿಕ್ಕ ಕವರುಗಳನ್ನು ತೊಳೆದು ಅದರಲ್ಲಿ ಹಾಕಲಿ. ತುಂಬಿದಾಗ ಗುಜರಿಗೆ ಮಾರಿ ಆ ಹಣವನ್ನು ಸಂಘಕ್ಕೆ ಜಮಾ ಮಾಡಿ. ಮುಸುರೆಯನ್ನು ಬಕೆಟ್ಟಿನಲ್ಲೇ ಕೊಡಿ, ಕವರಿನಲ್ಲಿ ಕಟ್ಟಬೇಡಿ. ಆ ತಾಯಿ ಕೇಳಿದ ಪ್ರಶ್ನೆಯನ್ನು ಇನ್ನೊಂದು ಕೊಟ್ಟಿಗೆಯಲ್ಲಿ ಕೇಳುವ ಹಾಗೆ ಆಗದಿರಲಿ.